ಆರುನೂರು ಅಡಿ ಮೇಲೆ ಬಂಗುಡೆ

ಆಕಾಶದಲ್ಲಿ ಹಕ್ಕಿ ಇರುತ್ತದೆ ಎಂದು ಬರವಣಿಗೆಯಲ್ಲಿ ಸಾಬೀತು ಮಾಡಿ ಅಂತ ನಿಮ್ಮನ್ನು ಯಾರಾದರೂ ಕೇಳಿದ್ದಾರೆಯೇ? ನನ್ನನ್ನು ಕೇಳಿದ್ದಾರೆ. ಒಂದು ಸಲವಲ್ಲ, ಆರು ಸಲ. ಆರೂ ಸಲ ಬರೆದುಕೊಟ್ಟೆ. ಆರೂ ಸಲ ‘ಪರಿಶೀಲಿಸಲಾಗಿದೆ, ಕ್ರಮ ಅಗತ್ಯವಿಲ್ಲ’ ಎಂಬ ಉತ್ತರ ಬಂತು. ಆ ಉತ್ತರ ಬರೆದ ಪುಣ್ಯಾತ್ಮ ಒಂದೇ ಒಂದು ಸಲ ಕಿಟಕಿಯಿಂದ ಹೊರಗೆ ಇಣುಕಿದ್ದರೆ ಸಾಕಿತ್ತು.

ನನ್ನ ಹೆಸರು ಜಲಜಾಕ್ಷಿ. ನೇರಳಕೋಡಿ ಬೀಚಿನ ಪಕ್ಕದ ವಾಯುನಿಯಂತ್ರಣ ಕೊಠಡಿಯಲ್ಲಿ ಹಗಲು ಪಾಳಿಯವಳು. ಕಡಲ ತೀರದುದ್ದಕ್ಕೂ ಓಡಾಡುವ ಎಂಟು ಸೀಟಿನ ಪುಟ್ಟ ವಿಮಾನಗಳನ್ನು ನೀವು ನೋಡಿರಬಹುದು, ಹತ್ತಿಯೂ ಇರಬಹುದು. ಅವುಗಳಲ್ಲಿ ಪೈಲಟ್ ಇಲ್ಲ. ಬ್ಯಾಟರಿಯಿಂದ ಓಡುತ್ತವೆ. ಮೇಲೆ ಏರಿದಷ್ಟೂ ಬ್ಯಾಟರಿ ಖರ್ಚು. ಮೇಲಿನ ದಾರಿ ದೊಡ್ಡ ವಿಮಾನಗಳಿಗೆ ಮೀಸಲು. ಪ್ರವಾಸಿಗರಿಗೋ ಕೆಳಗಿನ ಬೀಚು ಚೆನ್ನಾಗಿ ಕಾಣಬೇಕು. ಹೀಗಾಗಿ ಐನೂರು ಅಡಿಯಲ್ಲೇ ಹಾರಾಟ. ಐನೂರು ಅಡಿ ಎಂದರೆ ಎಂಥ ಮಹಾ ಎತ್ತರ? ಹಟಮಾರಿ ಹುಡುಗರ ಗಾಳಿಪಟ ಅಲ್ಲಿಯವರೆಗೆ ಹೋಗುತ್ತದೆ.

ಅದಕ್ಕೆಂದೇ ‘ಹದ್ದುಗಣ್ಣು’ ಬಂದದ್ದು. ಬೀಚಿನಲ್ಲಿ ಅರ್ಧ ಕಿಲೋಮೀಟರಿಗೆ ಒಂದು ಕಂಬ, ಕಂಬದ ತುದಿಯಲ್ಲಿ ತಂಬಿಗೆಯಷ್ಟು ದೊಡ್ಡ ರಾಡಾರು. ಗಾಳಿಯಲ್ಲಿರುವ ಪ್ರತಿಯೊಂದನ್ನೂ ಅದು ಗುರುತಿಸಿ, ಇನ್ನು ಹತ್ತು ಸೆಕೆಂಡಿಗೆ ಅದು ಎಲ್ಲಿರುತ್ತದೆ ಎಂದು ಊಹಿಸಿ, ವಿಮಾನಕ್ಕೆ ದಾರಿ ಹೇಳುತ್ತದೆ. ಅದಕ್ಕೆ ಸುಲಭವಾಗಲೆಂದು ಹಾರುವ ವಸ್ತುಗಳಿಗೆಲ್ಲ ಗುರುತುಚೀಟಿ ಕಡ್ಡಾಯ. ಬೀಚಿನಲ್ಲಿ ಮಾರುವ ಗಾಳಿಪಟಕ್ಕೆ ಚೀಟಿ, ದೋಣಿ ಎಳೆದಾಡಿಸುವ ಪ್ಯಾರಾಸೈಲಿಗೆ ಚೀಟಿ, ಮದುವೆಯ ಫೋಟೊ ತೆಗೆಯುವ ಡ್ರೋನಿಗೆ ಚೀಟಿ, ಕೂಸಿನ ಕೈಯ ಬಲೂನಿಗೂ ಚೀಟಿ. ಜನ ಒಂದಷ್ಟು ದಿನ ಗೊಣಗಿದರು, ಆಮೇಲೆ ಒಗ್ಗಿಕೊಂಡರು. ಚೀಟಿ ಅಂಟಿಸಿಕೊಳ್ಳದೆ ಹಾರಾಡುವುದು ಹಕ್ಕಿಗಳು ಮಾತ್ರ.

ಮೊದಲ ಎರಡು ವರ್ಷ ಯಂತ್ರ ಹಕ್ಕಿಗಳನ್ನೂ ನೋಡುತ್ತಿತ್ತು. ಒಂದು ಕಡಲಕಾಗೆ ಕಂಡರೂ ವಿಮಾನ ಕುಪ್ಪಳಿಸುತ್ತಿತ್ತು. ಒಳಗಿದ್ದವರಿಗೆ ವಾಂತಿಯೋ ವಾಂತಿ. ದೂರುಗಳು ರಾಶಿ ಬಿದ್ದವು. ಕಡೆಗೆ ಮುಖ್ಯ ಕಚೇರಿಯವರು ಆ ಎರಡು ವರ್ಷದ ದಾಖಲೆಗಳನ್ನೆಲ್ಲ ಯಂತ್ರಕ್ಕೆ ಉಣಿಸಿದರು. ವಿಮಾನ ಹತ್ತಿರ ಬಂದಾಗಲೆಲ್ಲ ಹಕ್ಕಿ ರೆಕ್ಕೆ ಮಡಚಿ ಕೆಳಕ್ಕೆ ಇಳಿದು ತಪ್ಪಿಸಿಕೊಂಡಿತ್ತು. ಯಂತ್ರ ಪಾಠ ಕಲಿಯಿತು: ಹಕ್ಕಿ ತಾನಾಗಿಯೇ ದಾರಿ ಬಿಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಅಂದಿನಿಂದ ನನ್ನ ಪರದೆಯ ಮೇಲೆ ಹಕ್ಕಿಗಳೇ ಇಲ್ಲ. ಹೆಸರು ಮಾತ್ರ ಹದ್ದುಗಣ್ಣು!

ಪಾಠ ಪೂರ್ತಿ ಸುಳ್ಳಲ್ಲ. ಬರಿಗಾಲಿನ ಹಕ್ಕಿ ಕೆಳಗೇ ಇಳಿಯುತ್ತದೆ. ಆದರೆ ಕಾಲುಗುರಿನಲ್ಲಿ ಮೀನು ಹಿಡಿದ ಗರುಡ ಇಳಿಯುವುದಿಲ್ಲ. ಹತ್ತು ಹಕ್ಕಿಗಳು ಹಿಂದೆ ಬಿದ್ದಿರುತ್ತವೆ, ಅದು ಮೇಲಕ್ಕೆ, ಇನ್ನೂ ಮೇಲಕ್ಕೆ ಏರುತ್ತದೆ, ಅದೂ ಹಿಂದೆ ನೋಡಿಕೊಂಡು. ಎದುರಿಗೆ ವಿಮಾನ ಬಂದರೂ ಅದಕ್ಕೆ ಕಾಣುವುದಿಲ್ಲ. ಇದು ನೇರಳಕೋಡಿಯ ಚಿಳ್ಳೆಪಿಳ್ಳೆಗಳಿಗೂ ಗೊತ್ತು. ಯಂತ್ರಕ್ಕೆ ಏಕೆ ಗೊತ್ತಿಲ್ಲ? ಅದು ಕಲಿತ ಎರಡು ವರ್ಷ ನಮ್ಮ ತೀರಕ್ಕೆ ಬಂಗುಡೆ ಮೀನೇ ಬರಲಿಲ್ಲ. ಕೈರಂಪಣಿ ಬಲೆ ಚಪ್ಪರದಿಂದ ಹೊರಗೆ ಬರಲಿಲ್ಲ. ಮೀನು ಹಿಡಿದ ಹಕ್ಕಿಗಳ ಹಿಂಡನ್ನು ಯಂತ್ರ ಹುಟ್ಟಿದ ಮೇಲೆ ನೋಡಿಯೇ ಇಲ್ಲ.

ಈ ವರ್ಷ ಮಳೆಗಾಲ ಮುಗಿಯುತ್ತಲೇ ಬಂಗುಡೆ ಬಂತು.

ನಮ್ಮ ಮೇಲಧಿಕಾರಿ ಪ್ರಭುಸ್ವಾಮಿ ಮೈಸೂರು ಕಡೆಯವರು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಒಳ್ಳೆಯವರು, ಅದೇ ಕಷ್ಟ. ಆರನೆಯ ಪತ್ರ ವಾಪಸು ಬಂದ ದಿನ ನೇರ ಅವರ ಮೇಜಿನ ಮುಂದೆ ಹೋಗಿ ನಿಂತೆ.

“ನೋಡಿ ಮೇಡಂ, ನೀವ್ ಹೇಳ್ತಿರೋದು ಸರಿ ಇರ್ಬೋದು,” ಎಂದರು. “ಆದ್ರೆ ಡೇಟಾ ಎಲ್ಲಿ?”

“ಸಾರ್, ಮೀನೇ ಬಾರದ ವರ್ಷ ಅಂಥ ಡೇಟಾ ಎಲ್ಲಿಂದ ಬರ್ಬೇಕು?”

“ನಾನೂ ಅದನ್ನೇ ಕೇಳ್ತಿರೋದು.”

“ಇನ್ನು ವಾರದೊಳಗೆ ರಂಪಣಿ ಎಳೀತಾರೆ. ಹಕ್ಕಿಪಾಲು ಹಾಕ್ತಾರೆ. ನಲವತ್ತು ಐವತ್ತು ಗರುಡ ಒಟ್ಟಿಗೆ ಮೇಲೆ ಏಳ್ತವೆ. ಆ ಹೊತ್ತಿಗೆ ವಿಮಾನ ಬಂದ್ರೆ ಎಂಟು ಜನ ಸಾಯ್ತಾರೆ ಸಾರ್.”

ಪ್ರಭುಸ್ವಾಮಿ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. “ಆ ಪಾಲು ಹಾಕೋರು ನಿಮ್ಮ ತಂದೆಯವರೇ ಅಲ್ವಾ? ಹಾಕ್ಬೇಡಿ ಅಂತ ಹೇಳ್ಬಿಡಿ. ಸುಲಭ.”

ಸುಲಭವಂತೆ!

ಹಕ್ಕಿಪಾಲು ಎಂದರೆ ಏನೆಂದು ಹೇಳಬೇಕು. ರಂಪಣಿಯೆಂದರೆ ಕುದುರೆಲಾಳದ ಆಕಾರದಲ್ಲಿ ಕಡಲಿಗೆ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ನೂರು ಜನ ಎಳೆಯುವ ದೊಡ್ಡ ಬಲೆ. ಮೀನಿನ ಹಿಂಡು ಎಲ್ಲಿದೆ ಎಂದು ಮೊದಲು ತೋರಿಸುವುದು ಮೇಲೆ ಸುತ್ತುವ ಹಕ್ಕಿಗಳು. ಹಾಗಾಗಿ ಬಲೆ ದಡಕ್ಕೆ ಬಂದ ಕೂಡಲೇ ಮೊದಲ ಬುಟ್ಟಿ ಮೀನನ್ನು ಆಕಾಶಕ್ಕೆ ತೂರುವುದು ನೇರಳಕೋಡಿಯ ಪದ್ಧತಿ. ಅದು ಆಗದೆ ಯಾರೂ ಒಂದು ಮೀನನ್ನೂ ಮುಟ್ಟುವುದಿಲ್ಲ. ತೂರುವವರು ನನ್ನ ಅಪ್ಪಯ್ಯ, ಹೆರಿಯ ಮೊಗವೀರ. ಎಪ್ಪತ್ತೆರಡು ವಯಸ್ಸು. ಬಂಗುಡೆ ಬಾರದ ಎರಡು ವರ್ಷ ಅವರು ಖಾಲಿ ಬುಟ್ಟಿಯನ್ನು ವಾರಕ್ಕೊಮ್ಮೆ ತೊಳೆದು ಬಿಸಿಲಿಗಿಡುತ್ತಿದ್ದರು.

ಮಧ್ಯಾಹ್ನ ಮನೆಗೆ ಹೋದಾಗ ಜಗಲಿಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದರು. ನಾನು ಎಲ್ಲ ಹೇಳಿದೆ. ಅವರು ಉಪ್ಪಿನಕಾಯಿ ನೆಕ್ಕುತ್ತ ಕೇಳಿಸಿಕೊಂಡರು.

“ಅಲ್ಲ ಮಗಾ, ಆ ನಿನ್ನ್ ಯಂತ್ರಕ್ಕೆ ಗರುಡ ಕಾಂತಿಲ್ಯಾ?”

“ಕಾಣ್ತದೆ ಅಪ್ಪಯ್ಯ. ಕಂಡ್ರೂ ಕಾಣದ ಹಾಗೆ ಮಾಡಿದ್ದಾರೆ.”

“ಕಣ್ಣಿದ್ದೂ ಕುರುಡ್ ಮಾಡಿದ್ರಾ? ಎಂತ ಕರ್ಮ ಮಾರಾಯ್ತಿ!” ಅವರಿಗೆ ನಗು ಬಂತು. ನನಗೆ ಬರಲಿಲ್ಲ.

“ಈ ವರ್ಷ ಒಂದು ಪಾಲು ಬಿಟ್ಟುಬಿಡಿ ಅಪ್ಪಯ್ಯ.”

ನಗು ನಿಂತಿತು. “ಅವು ತೋರ್ಸ್ದಕ್ಕೆ ನಾವ್ ಬಲೆ ಬಿಟ್ಟದ್ದ್. ಕೆಲ್ಸ ಮಾಡ್ಸಿ ಕೈ ಬೀಸಿ ಕಳ್ಸುದಾ? ನನ್ನಪ್ಪ ಹಾಕಿದ್ರ್, ಅವ್ರಪ್ಪ ಹಾಕಿದ್ರ್. ವಿಮಾನ ನಿನ್ನೆ ಮೊನ್ನೆ ಬಂದದ್ದ್. ಅದಕ್ಕೇ ಹೇಳ್, ಸ್ವಲ್ಪ ಆಚೆ ಹೋಪುಕೆ.”

ಆಚೆ ಕಚೇರಿಯಲ್ಲಿ ಅಪ್ಪನಿಗೆ ಹೇಳು, ಈಚೆ ಮನೆಯಲ್ಲಿ ವಿಮಾನಕ್ಕೆ ಹೇಳು. ನಡುವೆ ನಾನೊಬ್ಬಳು. ತಲೆ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಬಲೆ ದಡ ಸೇರುವುದು ಹೆಚ್ಚಾಗಿ ಹನ್ನೊಂದರ ಹೊತ್ತಿಗೆ. ಹನ್ನೊಂದು ಹತ್ತಕ್ಕೆ ಒಂದು ವಿಮಾನ ಹೋಗುತ್ತದೆ. ಅದಾದ ಮೇಲೆ ಹನ್ನೆರಡೂವರೆಯವರೆಗೆ ಮತ್ತೊಂದಿಲ್ಲ.

“ಹಾಗಾದ್ರೆ ವಿಮಾನ ದಾಟಿದ ಮೇಲೆ ಹಾಕಿ. ಅಷ್ಟಾದ್ರೂ ಮಾಡ್ತೀರಾ?”

ಅಪ್ಪಯ್ಯ ಗಂಜಿಯ ಬಟ್ಟಲು ಕೆಳಗಿಟ್ಟರು. “ವಿಮಾನ ದಾಟಿದ್ಮೇಲೆ. ಆಯ್ತ್. ಮಾತ್ ಕೊಟ್ಟೆ.”

ಹೆರಿಯ ಮೊಗವೀರ ಮಾತು ಕೊಟ್ಟರೆ ಕಡಲು ಹಿಂದೆ ಸರಿದರೂ ಅವರು ಸರಿಯುವವರಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹೆಡ್ಡಿ!

ಭಾನುವಾರ ರಂಪಣಿ ಬಿಟ್ಟರು. ಬೀಚಿನ ತುಂಬ ಜನ. ಕ್ಯಾಮೆರಾದಲ್ಲಿ ನಾನು ನೋಡುತ್ತಿದ್ದೆ: ಎರಡು ಸಾಲು ಜನ ಹಗ್ಗ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದಾರೆ, ನೋಡಲು ಬಂದ ಪ್ರವಾಸಿಗರೂ ಹಗ್ಗಕ್ಕೆ ಕೈ ಹಾಕಿದ್ದಾರೆ. ಅಪ್ಪಯ್ಯ ನೀರಿನಂಚಿನಲ್ಲಿ ಬುಟ್ಟಿ ಹಿಡಿದು ನಿಂತಿದ್ದಾರೆ. ಹನ್ನೊಂದು ಹತ್ತರ ವಿಮಾನ ಸರಿಯಾದ ಹೊತ್ತಿಗೆ ಬಂತು, ಹೋಯಿತು. ಅಪ್ಪಯ್ಯ ತಲೆಯೆತ್ತಿ, ಅದು ಕೋಡಿಯ ಗಾಳಿಮರಗಳ ಆಚೆ ಮರೆಯಾಗುವವರೆಗೂ ನೋಡಿದರು. ಆಮೇಲೆ ನಮ್ಮ ಕಟ್ಟಡದ ಕಡೆಗೆ ತಿರುಗಿ ಒಂದು ಕೈ ಎತ್ತಿದರು. ನೋಡು, ಕಾದೆ, ಎಂಬ ಹಾಗೆ.

ಆಗ ಪರದೆಯ ಮೂಲೆಯಲ್ಲಿ ಇನ್ನೊಂದು ಚುಕ್ಕಿ ಮೂಡಿತು. ಪಕ್ಕದಲ್ಲಿ ಬರೆದಿತ್ತು: ‘ಹೆಚ್ಚುವರಿ ಟ್ರಿಪ್. ರಜೆಯ ಜನಸಂದಣಿ. ತಲುಪುವ ಸಮಯ 11.17.’

ರಜೆ ಅಂತ ಒಂದು ವಿಮಾನ ಹೆಚ್ಚಿಗೆ ಬಿಟ್ಟಿದ್ದರು. ಯಾರಿಗೂ ಹೇಳಬೇಕೆಂದು ಅನ್ನಿಸಿರಲಿಲ್ಲ. ಹೇಳಿ ಎಂದು ನಾನೂ ಕೇಳಿರಲಿಲ್ಲ.

ಅಪ್ಪಯ್ಯನಿಗೆ ಫೋನ್ ಮಾಡಿದೆ. ಮೀನು ಹಂಚುವ ರಂಗಕ್ಕನಿಗೆ ಮಾಡಿದೆ. ಹಗ್ಗದ ಮುಂದಾಳು ಶೀನನಿಗೆ ಮಾಡಿದೆ. ಎಲ್ಲ ಫೋನುಗಳೂ ರಿಂಗಾದವು. ಎಲ್ಲಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಲೆಗೆ ಇಳಿಯುವ ಮೊದಲು ಎಲ್ಲರೂ ಫೋನನ್ನು ಚಪ್ಪರದ ಅಕ್ಕಿ ಡಬ್ಬದೊಳಗೆ ಹಾಕುತ್ತಾರೆ, ಉಪ್ಪುನೀರು ತಾಗದಿರಲಿ ಎಂದು. ಆ ಡಬ್ಬ ಕೊಡಿಸಿದವಳು ನಾನೇ.

ಕ್ಯಾಮೆರಾದಲ್ಲಿ ಬಲೆ ದಡಕ್ಕೆ ಬಂತು. ಬೆಳ್ಳಿಯ ಹಾಗೆ ಹೊಳೆಯುವ ಮೀನು ಕುಣಿಯುತ್ತಿತ್ತು. ಅಪ್ಪಯ್ಯ ಬುಟ್ಟಿ ತುಂಬಿದರು.

ವಿಮಾನವನ್ನು ಮೇಲೆತ್ತಲು ನನಗೊಂದು ಗುಂಡಿ ಇದೆ. ಒತ್ತಿದೆ. ಪರದೆ ಕೇಳಿತು: ‘ಅಪಾಯ ಕಂಡುಬಂದಿಲ್ಲ. ಕಾರಣ ಆಯ್ಕೆಮಾಡಿ.’ ಕೆಳಗೆ ಪಟ್ಟಿ: ಗಾಳಿಪಟ, ಬಲೂನು, ಡ್ರೋನು, ಪ್ಯಾರಾಸೈಲ್, ಹವಾಮಾನ, ವಿಐಪಿ ಸಂಚಾರ. ಹಕ್ಕಿ ಇಲ್ಲ. ಹಕ್ಕಿಯನ್ನು ಯಾವತ್ತೋ ತೆಗೆದುಹಾಕಿದ್ದರು.

ಗಾಳಿಪಟ ಒತ್ತಿದೆ. ‘ಆ ಸ್ಥಳದಲ್ಲಿ ಗಾಳಿಪಟದ ಚೀಟಿ ಇಲ್ಲ. ನಿರಾಕರಿಸಲಾಗಿದೆ.’

ಹವಾಮಾನ ಒತ್ತಿದೆ. ‘ಆಕಾಶ ಶುಭ್ರ. ನಿರಾಕರಿಸಲಾಗಿದೆ.’

ಪರದೆಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಕಡಲಕರೆಯಲ್ಲಿ ಹುಟ್ಟಿದವಳ ಬಾಯಿ, ಬರೆಯುವಂಥದ್ದಲ್ಲ. ಕ್ಯಾಮೆರಾದಲ್ಲಿ ಅಪ್ಪಯ್ಯ ಬುಟ್ಟಿಯನ್ನು ಸೊಂಟದ ಮಟ್ಟಕ್ಕೆ ತಂದು, ಒಮ್ಮೆ ಹಿಂದಕ್ಕೆ ಬಾಗಿ, ತೂರಿದರು. ಒಂದೇ ಉಸಿರಿಗೆ ಹಕ್ಕಿಗಳು ಎರಗಿದವು. ಗರುಡಗಳು ಮೀನು ಕಸಿದುಕೊಂಡು ಮೇಲಕ್ಕೆದ್ದವು, ಅವುಗಳ ಹಿಂದೆ ಹದ್ದು, ಕಾಗೆ, ಕಡಲಕಾಗೆ. ನೂರು ಅಡಿ, ಇನ್ನೂರು ಅಡಿ. ಪಕ್ಕದ ಪರದೆಯಲ್ಲಿ ಆಕಾಶ ಖಾಲಿ.

ಕೊನೆಯದನ್ನು ಒತ್ತಿದೆ. ವಿಐಪಿ ಸಂಚಾರ.

‘ಸ್ವೀಕರಿಸಲಾಗಿದೆ.’

ಯಾರು, ಎಲ್ಲಿ, ಯಾಕೆ, ಒಂದು ಪ್ರಶ್ನೆ ಇಲ್ಲ! ವಿಮಾನ ಮೂಗು ಎತ್ತಿತು. ಐನೂರು, ಐನೂರೈವತ್ತು. ಹಿಂಡಿನ ತುದಿಯಲ್ಲಿದ್ದ ಒಂದು ಗರುಡ ಅದರ ಜೊತೆಗೇ ಏರುತ್ತಿತ್ತು. ಆರುನೂರು ಅಡಿಯಲ್ಲಿ ಎರಡೂ ಕೂಡಿದ ಹಾಗೆ ಕಂಡಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ವಿಮಾನ ಓಲಾಡುತ್ತ ಏರುತ್ತಿತ್ತು, ಎಡಗಡೆ ಮೋಟಾರು ನಿಂತಿತ್ತು. ಬಲಗಡೆಯದೊಂದರಲ್ಲೇ ಅದು ಕಿಲೋಮೀಟರು ಕಿಲೋಮೀಟರಾಗಿ ತೆವಳಿ ಇಳಿದಾಣ ಸೇರುವವರೆಗೆ ನಾನು ಕುರ್ಚಿಯಿಂದ ಏಳಲಿಲ್ಲ. ಎಂಟು ಜನ ಇಳಿದರು. ಒಂದು ಹಸುಗೂಸೂ ಇತ್ತು.

ಅರ್ಧ ಗಂಟೆ ಕಳೆದು ಇಳಿದಾಣದ ಮೆಕ್ಯಾನಿಕ್ ಅಲ್ಫೋನ್ಸ್ ಫೋನ್ ಮಾಡಿದ.

“ಅಕ್ಕಾ, ಹೇಳಿದ್ರೆ ನೀವು ನಂಬ್ಲಿಕ್ಕಿಲ್ಲ. ಮೋಟಾರಿಗೆ ಗಾಳಿ ಹೋಗುವ ಬಾಯಿ ಉಂಟಲ್ಲ, ಅದರಲ್ಲಿ ಬಂಗುಡೆ ಸಿಕ್ಕಿ ಬಿದ್ದಿದೆ. ಪೂರಾ ಬಂಗುಡೆ ಮಾರಾಯ್ರೆ, ತಲೆ ಸಮೇತ! ಗರಿ ಒಂದೂ ಇಲ್ಲ. ಎಂತ ಬರೀಬೇಕು ಇದಕ್ಕೆ?”

ಗರುಡ ಕೊನೆಯ ಗಳಿಗೆಯಲ್ಲಿ ಮೀನು ಬಿಟ್ಟು ತಪ್ಪಿಸಿಕೊಂಡಿತ್ತು. “ಕಂಡದ್ದನ್ನ ಬರಿ ಮಾರಾಯ,” ಎಂದೆ. ಅವನು ಹಾಗೆಯೇ ಬರೆದ.

ಸಂಜೆ ಮನೆಗೆ ಹೋದರೆ ಬುಟ್ಟಿ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಅಪ್ಪಯ್ಯ ಅದರ ಕಡೆ ನೋಡದೆ ಕೂತಿದ್ದರು. ಅವರೂ ಎಲ್ಲ ನೋಡಿದ್ದರು, ಕೆಳಗಿನಿಂದ.

“ನಾ ಮಾತ್ ತಪ್ಪಿದ್ನಾ ಮಗಾ?”

“ಇಲ್ಲ ಅಪ್ಪಯ್ಯ. ನೀವು ಹೇಳಿದ ಹಾಗೇ ಮಾಡಿದ್ರಿ. ತಪ್ಪು ಹೇಳಿದವಳು ನಾನು. ಇನ್ನೊಂದು ವಿಮಾನ ಬರ್ತದೆ ಅಂತ ನಂಗೇ ಗೊತ್ತಿರ್ಲಿಲ್ಲ.”

“ಕಿಟಕಿಯಲ್ಲ್ ಒಂದ್ ಸಣ್ಣ್ ಬಾಲೆ ಮುಖ ಕಂಡಂಗಾಯ್ತ್.” ಎರಡೂ ಅಂಗೈ ತಿರುವಿ ನೋಡಿಕೊಂಡರು. “ನನ್ನ್ ಕೈಯಾರೆ ಆ ಬಾಲೆನ... ಬ್ಯಾಡ. ಇನ್ನ್ ನಾ ಪಾಲ್ ಹಾಕುದಿಲ್ಲೆ.”

ನಾನು ಬೇಡಿದ್ದು ಇದನ್ನೇ ಅಲ್ಲವೇ? ಸಿಕ್ಕಿತು. ಆ ಸಂಜೆ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಪ್ರಭುಸ್ವಾಮಿಯವರ ಮೇಲೂ ಬಂದಿರಲಿಲ್ಲ.

ವಿಚಾರಣೆ ನಡೆಯಿತು. ಗೋಡೆಯ ಪರದೆಯ ಮೇಲೆ ಮೂರು ಜನ, ಮೂರು ಊರುಗಳಿಂದ. ನಡುವಿನವರು ಕೇಳಿದರು: “ಅಂದು ಆ ಪ್ರದೇಶದಲ್ಲಿ ಯಾವ ವಿಐಪಿಯೂ ಇರಲಿಲ್ಲ. ನೀವು ಯಾರಿಗಾಗಿ ದಾರಿ ತೆರವು ಮಾಡಿಸಿದಿರಿ?”

“ವಿಮಾನದಲ್ಲಿದ್ದವರಿಗೆ ಸಾರ್.”

“ಅವರಲ್ಲಿ ವಿಐಪಿ ಯಾರು?”

“ಎಂಟೂ ಜನ.”

ಅವರು ಏನನ್ನೋ ಬರೆದುಕೊಂಡರು. ಎಡಗಡೆಯವರು ಅಲ್ಫೋನ್ಸನ ವರದಿ ಎತ್ತಿ ಹಿಡಿದರು. “ಆರುನೂರು ಅಡಿ ಎತ್ತರದಲ್ಲಿ ಮೀನು ಡಿಕ್ಕಿ ಹೊಡೆದಿದೆ ಎಂದಿದೆ. ಈ ಜಾತಿಯ ಮೀನು ಹಾರುತ್ತದೆಯೇ?”

“ಮೀನು ಹಾರುವುದಿಲ್ಲ ಸಾರ್. ಹಕ್ಕಿ ಹೊತ್ತುಕೊಂಡು ಹೋಗಿತ್ತು.”

“ಹಕ್ಕಿಯ ದಾಖಲೆ ಹದ್ದುಗಣ್ಣಿನಲ್ಲಿ ಇಲ್ಲ.”

“ನೀವೇ ಅಳಿಸಿದ್ದು ಸಾರ್! ಅಳಿಸಿದ್ದು ಎಲ್ಲಿಂದ ಕಾಣ್ಬೇಕು? ಕ್ಯಾಮೆರಾದ ಚಿತ್ರ ನೋಡಿ, ಐವತ್ತು ಗರುಡ ಉಂಟು ಅದರಲ್ಲಿ!”

“ಕ್ಯಾಮೆರಾ ಜನಸಂದಣಿಗಾಗಿ ಇರುವುದು. ಅದು ವಾಯುದಾಖಲೆ ಅಲ್ಲ. ಮೀನಿನ ದಾಖಲೆ ಮಾತ್ರ ಇದೆ,” ಎಂದರು ಅವರು ಬಹಳ ಸಮಾಧಾನದಿಂದ.

ನನ್ನ ಪಕ್ಕ ಕೂತಿದ್ದ ಪ್ರಭುಸ್ವಾಮಿ ಮೇಜಿನಡಿ ನನ್ನ ಕೈ ಅದುಮಿದರು, ಸಾಕು ಬಿಡಿ ಎಂಬಂತೆ. ಸುಳ್ಳು ಕಾರಣ ಕೊಟ್ಟದ್ದಕ್ಕೆ ನನಗೆ ಎಚ್ಚರಿಕೆ ಪತ್ರ ಬಂತು. ಎಂಟು ಜನ ಬದುಕಿದ್ದಾರೆ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಹೆಚ್ಚುವರಿ ಟ್ರಿಪ್ಪುಗಳು ಮಾತ್ರ ಯಶಸ್ವಿಯಾದವೆಂದು ದಿನವೂ ಓಡತೊಡಗಿದವು, ಏಳು ನಿಮಿಷಕ್ಕೊಂದು. ಹಕ್ಕಿಪಾಲಿಗೆ ಅಂತ ಬಿಡುವು ಹುಡುಕಿದರೂ ಸಿಗದ ಹಾಗಾಯಿತು.

ಅಪ್ಪಯ್ಯ ಮಾತಿಗೆ ತಪ್ಪಲಿಲ್ಲ. ಮುಂದಿನ ಎರಡು ರಂಪಣಿಗಳಲ್ಲೂ ಬಲೆ ದಡಕ್ಕೆ ಬಂದ ಕೂಡಲೇ ಕಡಲಿಗೆ ಬೆನ್ನು ಹಾಕಿ ಕೂತರು. ಹಕ್ಕಿಗಳು ಸುತ್ತಿದವು, ಕೆಳಗಿಳಿದವು, ಅವರ ಮುಂದಿನ ಮರಳ ಮೇಲೆ ಕೂತು ಕತ್ತು ಓರೆ ಮಾಡಿ ನೋಡಿದವು. ಅವರು ತಲೆ ಎತ್ತಲಿಲ್ಲ. ಜನ ಮೀನು ಹಂಚಿಕೊಂಡರು, ಆದರೆ ಎಂದಿನ ಗಲಾಟೆಯಿಲ್ಲ, ನಗುವಿಲ್ಲ. ಮನೆಯಲ್ಲಿ ಬಂಗುಡೆ ಸಾರು ಮಾಡಿದರೆ ಅಪ್ಪಯ್ಯ ಬರೀ ಗಂಜಿ ಸಾಕು ಎನ್ನುತ್ತಿದ್ದರು. ಎಪ್ಪತ್ತೆರಡಕ್ಕೆ ಮುದುಕರಾಗದವರು ಒಂದೇ ತಿಂಗಳಲ್ಲಿ ಮುದುಕರಾದರು.

ಇಷ್ಟರಲ್ಲಿ ವಿಚಾರಣೆಯ ಶಿಫಾರಸು ಜಾರಿಗೆ ಬಂತು. ಬೆಳಿಗ್ಗೆ ಬಂದು ಪರದೆ ತೆರೆದರೆ ಕಾರಣಗಳ ಪಟ್ಟಿಯಲ್ಲಿ ಹೊಸದೊಂದು ಸೇರಿತ್ತು. ಗಾಳಿಪಟ, ಬಲೂನು, ಡ್ರೋನು, ಪ್ಯಾರಾಸೈಲ್, ಹವಾಮಾನ, ವಿಐಪಿ ಸಂಚಾರ, ಮೀನು.

ಮೀನು! ಕುರ್ಚಿಯಲ್ಲಿ ಕೂತು ಗಹಗಹಿಸಿ ನಕ್ಕೆ. ನಗುತ್ತ ನಗುತ್ತ ಕಣ್ಣೀರು ಬಂತು. ಆರು ಪತ್ರ ಬರೆದು ಹಕ್ಕಿ ಹಕ್ಕಿ ಎಂದು ಅರಚಿದ್ದಕ್ಕೆ ಈ ಮಹಾನುಭಾವರು ಕೊಟ್ಟದ್ದು ಮೀನು.

ಮೂರನೆಯ ರಂಪಣಿ ಒಂದು ಬುಧವಾರ ಬಿತ್ತು. ಬಲೆ ದಡಕ್ಕೆ ಬಂತು. ಅಪ್ಪಯ್ಯ ಎಂದಿನಂತೆ ಬೆನ್ನು ಹಾಕಿ ಕೂತರು. ಒಂದು ಗರುಡ ದೋಣಿಯ ಮೂತಿಯ ಮೇಲೆ ಬಂದು ಕೂತಿತು. ಬಿಳಿ ಎದೆಯ ದೊಡ್ಡ ಹಕ್ಕಿ, ಅವರ ಬೆನ್ನನ್ನೇ ನೋಡುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಗುಂಡಿ ಒತ್ತಿದೆ. ‘ಅಪಾಯ ಕಂಡುಬಂದಿಲ್ಲ. ಕಾರಣ ಆಯ್ಕೆಮಾಡಿ.’

ಮೀನು.

‘ದೃಢೀಕರಣಕ್ಕೆ ಮೀನಿನ ಚಿತ್ರ ಲಗತ್ತಿಸಿ.’

ಕ್ಯಾಮೆರಾವನ್ನು ಬಲೆಯ ಕಡೆ ತಿರುಗಿಸಿದೆ. ಬಲೆಯಲ್ಲಿ ನಾಲ್ಕು ಟನ್ನಾದರೂ ಬಂಗುಡೆ ಇತ್ತು. ಯಂತ್ರ ಒಂದು ಗಳಿಗೆ ಯೋಚಿಸಿತು.

‘ಮೀನು ದೃಢಪಟ್ಟಿದೆ. ಹದಿನೈದು ನಿಮಿಷ ಎಲ್ಲ ವಿಮಾನಗಳೂ ಎರಡು ಸಾವಿರ ಅಡಿಗೆ.’

ನೋಟಿಸು ಬರುತ್ತದೆ, ಗೊತ್ತು. ಬ್ಯಾಟರಿ ಸುಟ್ಟದ್ದಕ್ಕೆ ಒಂದು, ಜಾಗ ಬಿಟ್ಟು ಎದ್ದದ್ದಕ್ಕೆ ಇನ್ನೊಂದು. ಬರಲಿ. ಚೂಡಿದಾರದ ವೇಲು ಎಳೆದುಕೊಂಡು ಮೆಟ್ಟಿಲು ಹತ್ತಿ ತಾರಸಿಗೆ ಓಡಿದೆ. ರಂಪಣಿಯಲ್ಲಿ ಮರದ ಮೇಲಿನ ಕಾವಲುಗಾರ ಬಟ್ಟೆಯನ್ನು ತಲೆಯ ಮೇಲೆ ಮೂರು ಸಲ ಸುತ್ತಿಸಿದರೆ ‘ದಾರಿ ಸರಿಯಿದೆ, ಬಲೆ ಬಿಡಿ’ ಎಂದರ್ಥ. ಚಿಕ್ಕವಳಿದ್ದಾಗ ಅಪ್ಪಯ್ಯನೇ ಹೇಳಿಕೊಟ್ಟದ್ದು. ಕೆಂಪು ವೇಲನ್ನು ಮೂರು ಸಲ ಸುತ್ತಿಸಿದೆ. ಮತ್ತೆ ಮೂರು ಸಲ.

ಮೊದಲು ನೋಡಿದವಳು ರಂಗಕ್ಕ. ಅವಳು ಅಪ್ಪಯ್ಯನ ಭುಜ ಅಲುಗಿಸಿದಳು. ಅಪ್ಪಯ್ಯ ತಿರುಗಿ ನನ್ನನ್ನು ನೋಡಿದರು. ನಂಬಲಿಲ್ಲ; ಎದ್ದು ನಿಂತು, ಹುಬ್ಬಿನ ಮೇಲೆ ಕೈಯಿಟ್ಟು ಆಕಾಶ ನೋಡಿದರು. ಅಷ್ಟರಲ್ಲಿ ಒಂದು ವಿಮಾನ ಬಂತು. ಎಲ್ಲೋ ಮೇಲೆ, ಜೀರುಂಡೆಯಷ್ಟು ಚಿಕ್ಕದಾಗಿ, ಸದ್ದೂ ಕೇಳಿಸದಷ್ಟು ದೂರದಲ್ಲಿ ಹೋಯಿತು. ಅಪ್ಪಯ್ಯ ಇನ್ನೂ ಕಾದರು. ಏಳು ನಿಮಿಷ ಪೂರ್ತಿ ಕಾದರು. ಎರಡನೆಯದೂ ಅಷ್ಟೇ ಮೇಲೆ ಹೋದದ್ದನ್ನು ಕಂಡ ಮೇಲೆ ಬುಟ್ಟಿಗೆ ಕೈ ಚಾಚಿದರು.

ಬುಟ್ಟಿ ತುಂಬಿ, ಹಿಂದಕ್ಕೆ ಬಾಗಿ, ತೂರಿದರು. ನೂರು ಜನ ಒಟ್ಟಿಗೆ ಹೋ ಎಂದು ಕೂಗಿದ್ದು ತಾರಸಿಗೂ ಕೇಳಿಸಿತು. ಗರುಡಗಳು ನನ್ನ ಎದುರಿನಲ್ಲೇ ಮೀನು ಹಿಡಿದು ಮೇಲಕ್ಕೆ ಹೋದವು, ಹಿಂದೆ ನೋಡಿಕೊಂಡು, ಒಂದನ್ನೊಂದು ಅಟ್ಟಿಕೊಂಡು, ಆಕಾಶ ತುಂಬ.

ಒಳಗೆ ಬಂದು ಪರದೆ ನೋಡಿದೆ. ಆಕಾಶ ಖಾಲಿ ಎಂದು ತೋರಿಸುತ್ತಿತ್ತು.